ಮರಕ್ಕೆ ತೂಗಿದ ಬೂಟು

ಲವೀನಾ ಹ್ಯಾಸ್ಕೆಲ್‌ಗೆ ಆ ಕಥೆ ಬಾಯಿಪಾಠ. ನದಿಯಲ್ಲಿ ಮರದ ದಿಮ್ಮಿ ತೇಲಿಸುವವನು ಪ್ರವಾಹಕ್ಕೆ ಸಿಕ್ಕಿ ಸಾಯುತ್ತಾನೆ. ಜೊತೆಯವರು ಪದ್ಧತಿಯಂತೆ ಅಡಿಗೆ ಮೊಳೆ ಬಡಿದ ಅವನ ಬೂಟುಗಳನ್ನು ದಡದ ಮರಕ್ಕೆ ತೂಗುಹಾಕುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಅವಳ ಗಂಡ ಏಸಾ ಹೋದದ್ದೂ ಹಾಗೆಯೇ, ಹತ್ತೊಂಬತ್ತು ವರ್ಷದ ಹಿಂದೆ. ಹೆಣ ಸಿಗಲಿಲ್ಲ, ಮನೆಯಲ್ಲಿದ್ದ ಇನ್ನೊಂದು ಜೊತೆ ಬೂಟು ಮರ ಏರಿತು. ಲವೀನಾ ಮಾತ್ರ ದಿನಾ ಬಾಗಿಲಲ್ಲಿ ನಿಂತು ದಾರಿ ಕಾದಳು. ಪಾದ್ರಿಯ ಮಾತಿಗೂ ಬಗ್ಗದವಳು ಕೊನೆಗೆ ಹಳೆಯ ಮಾಸಪತ್ರಿಕೆಯ ಆ ಕಥೆಗೆ ಬಗ್ಗಿದಳು: ಹೋದವನು ಹೋದ.

ಮೇನ್ ಸೀಮೆಯ ಒಂದು ನದಿದಡದ ಪೇಟೆಯ ಚಿತ್ರಮಂದಿರದಲ್ಲಿ ಪಿಯಾನೋ ನುಡಿಸುವುದು ಅವಳ ಕೆಲಸ. ಆಗಿನ ಚಿತ್ರಕ್ಕೆ ಮಾತಿಲ್ಲ; ನಗು, ಅಳು ಎಲ್ಲ ಅವಳ ಬೆರಳಿನದೇ. ಚಿತ್ರದ ಸುರುಳಿ ಬರುವುದು ಆಟದ ಹೊತ್ತಿನ ರೈಲಿಗೆ, ಮೊದಲೇ ನೋಡಲು ಪುರುಸೊತ್ತೆಲ್ಲಿ?

1914ರ ಒಂದು ಶನಿವಾರ ಅದೇ ಕಥೆ ಚಿತ್ರವಾಗಿ ಬಂತು.

"ಕೊನೇಲಿ ಏನ್ ನುಡಿಸ್ತೀರಾ?" ಎಂದು ಮಾಲೀಕ ಡಯರ್ ಕೇಳಿದ.

"ಸಾವಿನ ಹಾಡು. ಆ ಕಥೇನ ನಂಗೇ ಹೇಳ್ಕೊಡ್ತೀರಾ?"

ಪರದೆಯ ಮೇಲೆ ಬೂಟು ಮರ ಏರಿತು. ಲವೀನಾ ಕಣ್ಣು ಮುಚ್ಚಿ ಸಾವಿನ ಹಾಡು ಎತ್ತಿಕೊಂಡಳು. ಜನ ಗೊಳ್ಳೆಂದು ನಕ್ಕರು.

"ಲವೀನಕ್ಕಾ, ಬದುಕಿರೋನ್ನ ಹೂತಾಕ್ಬೇಡಿ!" ಎಂದು ಹಿಂದಿನ ಸಾಲಿಂದ ಯಾರೋ ಕೂಗಿದರು.

ಕಣ್ಣು ಬಿಟ್ಟರೆ, ಸತ್ತವನು ಬರಿಗಾಲಲ್ಲಿ ಕುಂಟುತ್ತ ತನ್ನ ಮನೆ ಬಾಗಿಲಿಗೆ ಬರುತ್ತಿದ್ದಾನೆ! ಲವೀನಾಳ ಬೆರಳುಗಳು ಮರಗಟ್ಟಿದವು. ಪರದೆಯ ಹೆಂಡತಿ ಓಡಿ ಬಂದು ಅವನನ್ನು ತಬ್ಬಿದ್ದೂ ಸದ್ದಿಲ್ಲದೆ ನಡೆದುಹೋಯಿತು.

ಡಯರ್ ಓಡಿಬಂದ. "ಸುಖಾಂತ ಮಾಡಿದಾರೆ ಕಣ್ರೀ, ಅಷ್ಟೇ. ಅಳಿಸಿ ಕಳಿಸಿದ್ರೆ ನಾಳೆ ಯಾರ್ ಬರ್ತಾರೆ?"

"ಹಂಗೆ ವಾಪಸ್ ಬರೋಕ್ಕಾಗತ್ತಾ?" ಅವಳು ಅವನ ತೋಳು ಹಿಡಿದಳು. "ಇಷ್ಟು ವರ್ಷ ಆದ್ಮೇಲೂ?"

ಅವನಿಗೆ ಅರ್ಥವಾಗಲಿಲ್ಲ. ಸಿನಿಮಾದವರಿಗೇನು, ಹೋದ ಜೀವ ತರುವುದು ನಾಲ್ಕು ಮಾರು ಸುರುಳಿಯ ಕೆಲಸ. ಇಲ್ಲಿ ಒಬ್ಬಳು ಹತ್ತೊಂಬತ್ತು ವರ್ಷದಿಂದ ಕಷ್ಟಪಟ್ಟು ಕಟ್ಟಿಕೊಂಡ ನೆಮ್ಮದಿಗೆ ಕೊಳ್ಳಿ ಇಟ್ಟೆವೆಂದು ಆ ಪುಣ್ಯಾತ್ಮರಿಗೆ ಗೊತ್ತೇ?

ಮರುದಿನ ಲವೀನಾ ಚರ್ಚಿಗೆ ಹೋಗಲಿಲ್ಲ. ನದಿ ದಡಕ್ಕೆ ಹೋದಳು. ಬೂಟುಗಳು ಪೈನ್ ಮರದಲ್ಲೇ ಇದ್ದವು, ಚರ್ಮ ಬಿರುಕು ಬಿಟ್ಟಿತ್ತು, ಮೊಳೆಗಳು ತುಕ್ಕು ಹಿಡಿದಿದ್ದವು. ಕೋಲಿನಿಂದ ಕೆಳಗಿಳಿಸಿ ಮನೆಗೆ ತಂದು, ಒಲೆಯ ಬಳಿ ಕೂತು ಚರ್ಮ ಮೆತ್ತಗಾಗಲೆಂದು ಕೊಬ್ಬು ಸವರತೊಡಗಿದಳು.

ಬಾಗಿಲಲ್ಲಿ ಇಣುಕಿದ ಪಕ್ಕದ ಮನೆಯ ಕೆಜಾಯಾ ಹೌಹಾರಿದಳು. "ಅಯ್ಯೋ, ಸತ್ತೋರ ಬೂಟು ಮರದಿಂದ ಇಳಿಸ್ಬಾರ್ದು ಕಣೇ!"

ಲವೀನಾ ತಲೆಯೆತ್ತಲಿಲ್ಲ. "ಬರಿಗಾಲಲ್ಲಿ ಬಂದ್ರೆ ಏನ್ ಕೊಡ್ಲೇ ನಾನು?"