ಹಮೀದ್ ಬ್ಯಾರಿಯವರು ಬಿಡಿಸಿ ಹೇಳಿದ ‘ವಿಧಿಸು’

ಹಮೀದ್ ಬ್ಯಾರಿಯವರು ಜನರಿಗಾಗಿ ಬರೆದ ಅರ್ಜಿಯನ್ನು ಕೂಡಲೇ ಅವರ ಕೈಗೆ ಕೊಡುತ್ತಿರಲಿಲ್ಲ. ಓದಿ ಹೇಳಿ, ಹಾಳೆಯ ಮೇಲೆ ಅಂಗೈ ಒತ್ತಿ ಹಿಡಿದು, “ಇನ್ನು ನೀವು ಹೇಳಿ, ನಿಮ್ಮ ಭಾಷೆಯಲ್ಲಿ” ಎನ್ನುತ್ತಿದ್ದರು. ಬಂದವರು ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಹೇಳಿ ಮುಗಿಸುವವರೆಗೆ ಆ ಅಂಗೈ ಏಳುತ್ತಿರಲಿಲ್ಲ.

“ಇದೆಂತ ಪರೀಕ್ಷೆಯಾ? ಬಸ್ಸು ಹೋಗ್ತದೆ ಮಾರಾಯ್ರೆ!”

“ಬಸ್ಸು ಇನ್ನೊಂದು ಉಂಟು. ಅರ್ಜಿ ಇದೊಂದೇ.”

ಕನ್ನಡ ಎಂ.ಎ. ಮುಗಿಸಿದ ವರ್ಷ, ಸುಳ್ಯ ಕಡೆಯ ಅರೆಭಾಷೆ ಮಾತಾಡುವ ಮನೆಯವಳಾದ ನಾನು ದರ್ಬೆಯಲ್ಲಿದ್ದ ಅವರ ಅರ್ಜಿ ಬರೆಯುವ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಈ ತಿರುಗಿ ಹೇಳಿಸುವ ಪದ್ಧತಿ ನನಗೆ ಅನಗತ್ಯವೆನಿಸಿತ್ತು.

ಒಂದು ದಿನ ಅವರು ಮಧ್ಯಾಹ್ನದ ನಮಾಜಿಗೆ ಹೋಗಿದ್ದಾಗ ಕೊಯಿಲದ ಲಲಿತಕ್ಕ ಬಂದರು. ಕೈಯಲ್ಲಿ ಪಂಚಾಯತಿನ ನೋಟೀಸು: ಹೊಸ ಮನೆಗೆ ತೆರಿಗೆ ವಿಧಿಸಲಾಗುವುದು, ಆಕ್ಷೇಪಣೆ ಇದ್ದರೆ ತಿಳಿಸಬೇಕು.

“ಆಕ್ಷೇಪಣೆ ಉಂಟು ಅಂತ ಬರೀರಿ. ವಿಧಿಸುದು ಬೇಡ.”

ಒಂದಕ್ಷರ ತಪ್ಪಿಲ್ಲದೆ ಬರೆದುಕೊಟ್ಟೆ.

ಮೆಟ್ಟಿಲಿನಲ್ಲೇ ಬ್ಯಾರಿಯವರು ಎದುರಾದರು. ಹಾಳೆಯನ್ನು ಓದಿ, ಲಲಿತಕ್ಕನನ್ನು ಮತ್ತೆ ಒಳಗೆ ಕರೆತಂದು ಕೂರಿಸಿದರು. “ಇನ್ನು ನೀವು ಹೇಳಿ.”

ಲಲಿತಕ್ಕ ತುಳುವಿನಲ್ಲಿ ಹೇಳಿದ್ದು ಬೇರೆಯೇ ಇತ್ತು: ಪಂಚಾಯತಿನವರನ್ನು ಕೇಳದೆ ಮನೆ ಕಟ್ಟಿದ್ದಕ್ಕೆ ನನಗೆ ಶಿಕ್ಷೆ ಕೊಡಬೇಡಿ. ‘ದಂಡ ವಿಧಿಸಿದರು’, ‘ಜೈಲು ಶಿಕ್ಷೆ ವಿಧಿಸಿದರು’ ಎಂದು ವಾರ್ತೆಯಲ್ಲಿ ಕೇಳಿದ್ದೇ ಹೊರತು ಆ ಪದದ ಬೇರೆ ಬಳಕೆ ಅವರಿಗೆ ಗೊತ್ತಿರಲಿಲ್ಲ.

“ಇದು ಶಿಕ್ಷೆ ಅಲ್ಲ ಮಾರಾಯ್ತಿ. ಇಂಥವರ ಮನೆ ಇಲ್ಲಿ ಉಂಟು, ವರ್ಷಕ್ಕೆ ಇಷ್ಟು ಕಟ್ಟಬೇಕು ಅಂತ ಕಾನೂನು ಪ್ರಕಾರ ಗೊತ್ತು ಮಾಡುದು. ಅದು ಬೇಡ ಅಂದ್ರೆ ಮನೆಗೆ ನಂಬರ್ ಇಲ್ಲ. ನಂಬರ್ ಇಲ್ಲದೆ ಕರೆಂಟು ಎಲ್ಲಿಂದ?”

“ಅಯ್ಯೋ, ಕರೆಂಟಿಗೇ ಅಲ್ವಾ ನಾನು ಎರಡು ವರ್ಷದಿಂದ ಓಡಾಡುದು!”

ಬ್ಯಾರಿಯವರು ಹಾಳೆಯನ್ನು ಹರಿದರು. ನನ್ನನ್ನು ಬೈಯಲಿಲ್ಲ. “ನಿನ್ನ ಕನ್ನಡ ಸರಿ ಉಂಟು ಮಗಳೇ. ಅವರದ್ದು ಕೇಳಿದ್ಯಾ?” ಎಂದರಷ್ಟೆ.

ಕರೆಂಟು ಬಂದ ವಾರ ಲಲಿತಕ್ಕ ಹಲಸಿನ ಹಪ್ಪಳದ ಕಟ್ಟು ತಂದುಕೊಟ್ಟರು. ಅಷ್ಟರಲ್ಲಿ ನಾನೂ ಹಾಳೆಯ ಮೇಲೆ ಕೈ ಇಟ್ಟು ಕಾಯುವುದನ್ನು ಕಲಿತಿದ್ದೆ.

ಕಳೆದ ವರ್ಷ ಪಂಚಾಯತಿನಲ್ಲಿ ನನಗೆ ಕೆಲಸವಾಯಿತು. ತೆರಿಗೆಯ ನೋಟೀಸು ಬರೆಯುವ ಕೆಲಸವೇ. ನೇಮಕಾತಿ ಆದೇಶ ತೋರಿಸಲು ಕೆದಂಬಾಡಿಯಲ್ಲಿದ್ದ ಬ್ಯಾರಿಯವರ ಮನೆಗೆ ಹೋದೆ. ಅದೇ ಕೊನೆಯ ಭೇಟಿ. ಪಾರ್ಶ್ವವಾಯುವಿನಿಂದ ಅವರ ಮಾತು ನಿಂತುಹೋಗಿತ್ತು. ಮಂಚದ ಪಕ್ಕ ಕುಳಿತು ಆದೇಶವನ್ನು ಪೂರ್ತಿ ಓದಿ ಹೇಳಿದೆ. ಅವರು ಹಾಳೆಯನ್ನು ಎಳೆದುಕೊಂಡು ಎದೆಯ ಮೇಲಿಟ್ಟು, ಅಂಗೈ ಒತ್ತಿ ಹಿಡಿದು ನನ್ನನ್ನೇ ನೋಡಿದರು.

ನಾನು ಮೊದಲಿನಿಂದ, ಅರೆಭಾಷೆಯಲ್ಲಿ, ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅಂಗೈ ಎದ್ದಿತು.