ನಿಂಗರಾಜು ಅಪ್ಪನಿಗೆ ಎಡೆಯಿಟ್ಟದ್ದು

ಪಾಲಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ನಿಂಗರಾಜುವಿಗೆ ದೇವರು ಕೈಕೊಟ್ಟು ಎಂಟು ತಿಂಗಳಾಗಿತ್ತು. ಅಥವಾ ಇವನೇ ದೇವರಿಗೆ ಕೈಕೊಟ್ಟಿದ್ದನೋ, ಅದಿನ್ನೂ ತೀರ್ಮಾನವಾಗಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಸೊಂಟ ಹಿಡಿದು ಮಲಗಿದ್ದವನನ್ನು ಯಾರೋ ಪಾಂಡವಪುರದ ಕಡೆಯ ಒಂದು ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ದರು. ಪಾಸ್ಟರು ತಲೆಯ ಮೇಲೆ ಕೈಯಿಟ್ಟರು, ಸೊಂಟ ಬಿಟ್ಟಿತು, ಆಸಾಮಿ ಅಂಟಿಕೊಂಡ. ಅಂಟಿಕೊಂಡದ್ದೆಂದರೆ ಅಂತಿಂಥದ್ದಲ್ಲ. ಹಬ್ಬದ ಒಬ್ಬಟ್ಟು ಮುಟ್ಟಲಿಲ್ಲ, ಮನೆದೇವರ ಕಡೆ ತಲೆ ಹಾಕಲಿಲ್ಲ, ಡೈರಿಗೆ ಬಂದವರು ಕ್ಯಾನು ಕೆಳಗಿಡುವ ಮುಂಚೆಯೇ ಅವರ ಆತ್ಮದ ರಕ್ಷಣೆಯ ಮಾತು ಶುರು. ಜನ ಒದೆಯುವ ಹಸುವಿಗಿಂತ ಇವನಿಗೇ ಹೆಚ್ಚು ಹೆದರುವಂತಾಯಿತು. ಪಾಪ, ಮೋಸಗಾರನಲ್ಲ, ನಂಬಿದರೆ ಕಂಠಮಟ್ಟ ನಂಬುವವನು.

ಹೋದ ಕಾರ್ತೀಕದಲ್ಲಿ ಅಪ್ಪ ರಂಗಸ್ವಾಮಿ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ನಿಂಗರಾಜು ಪಾಸ್ಟರನ್ನು ಕೇಳಿದ, ಅಪ್ಪ ಈಗೆಲ್ಲಿದ್ದಾನೆ ಎಂದು. ಪಾಸ್ಟರು ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ. ನಂಬದೆ ಸತ್ತದ್ದರಿಂದ ಬೆಂಕಿಯಲ್ಲಿದ್ದಾನೆ, ಎಂದೆಂದಿಗೂ ಅಲ್ಲೇ ಎಂದು ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದರು.

ನಿಂಗರಾಜುವಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅಪ್ಪ ಬೀಡಿ ಸೇದುತ್ತಿದ್ದ, ಬಾಯಿ ತೆಗೆದರೆ ಬೈಗುಳ, ಡೈರಿಯ ಹಾಲಿಗೆ ಒಂದು ಚೊಂಬು ನೀರು ಬೆರೆಸಿ ಸ್ವಂತ ಮಗನ ಕೈಗೇ ಸಿಕ್ಕಿಬಿದ್ದವನು. ಸರಿ. ಆದರೆ ಸೊಂಟ ಹಿಡಿದಾಗ ಮಗನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಒಯ್ಯುತ್ತಿದ್ದವನೂ ಅವನೇ. ಎರಡು ತಿಂಗಳು ತಲೆ ಕೆಡಿಸಿಕೊಂಡು ಒಂದು ಭಾನುವಾರ ಪಾಸ್ಟರ ಮುಂದೆ ಹೋಗಿ ನಿಂತ.

"ಆಲಲ್ಲಿ ನೀರಿದ್ರೆ ನಾವು ಡಿಗ್ರಿ ನೋಡಿ ರೇಟು ಕಮ್ಮಿ ಮಾಡ್ತೀವಿ ಪಾಸ್ಟ್ರೆ. ಆಲು ತಂದೋನ್ನೇ ಬೆಂಕಿಗೆ ಆಕಕಿಲ್ಲ. ಡೈರಿಗಿರೋ ನ್ಯಾಯ ದೇವ್ರತ್ರ ಇಲ್ವಾ?"

ಪಾಸ್ಟರು ಬೈಬಲ್ಲು ತೆರೆದು ವಚನ ಹುಡುಕುವಷ್ಟರಲ್ಲಿ ನಮಸ್ಕಾರ ಹೇಳಿ ಬಸ್ಸು ಹತ್ತಿದ.

ಬಿಟ್ಟದ್ದೇನೋ ಬಿಟ್ಟ, ಅಭ್ಯಾಸ ಬಿಡಬೇಕಲ್ಲ! ಮುದ್ದೆಯ ಮುಂದೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಊಟಕ್ಕೆ ಮುಂಚಿನ ಸ್ತೋತ್ರ ನಾಲಿಗೆಯ ತುದಿಗೆ ಬರುತ್ತಿತ್ತು, ಯಾರಿಗೆ ಸಲ್ಲಿಸುವುದೆಂದು ತಿಳಿಯದೆ ಸಾರು ಆರುತ್ತಿತ್ತು. ಒಂದು ದಿನ ಮುದ್ದೆ ತಿರುವಿದ ಹೆಂಡತಿ ಪ್ರಮೀಳಾಗೇ ಸಲ್ಲಿಸಿಬಿಟ್ಟ. ಗಂಡ ಎಲ್ಲೋ ಏನೋ ಎಡವಟ್ಟು ಮಾಡಿಕೊಂಡು ಬಂದಿದ್ದಾನೆಂದು ಆಕೆ ಸಂಜೆಯವರೆಗೂ ವಿಚಾರಣೆ ನಡೆಸಿದಳು.

ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕಾಯಬೇಕು. ಅವರು ಬಂದು ಉಂಡು ಹೋಗುತ್ತಾರೆ. ರಂಗಸ್ವಾಮಿಗೆ ಇದು ಮೊದಲ ಎಡೆ. ಮಗನೇ ಇಡಬೇಕೆಂದು ಅವ್ವ ಸೋಮಮ್ಮ ಪಟ್ಟು ಹಿಡಿದಳು. ನಿಂಗರಾಜು ಹೆದರಿದ. ನಂಬಿಕೆಯಿಲ್ಲದೆ ಇಟ್ಟರೆ ಅಪ್ಪನ ಮುಂದೆಯೇ ನಾಟಕವಾಡಿದ ಹಾಗೆ. ಇಡದಿದ್ದರೆ ಅಪ್ಪನನ್ನು ತಾನೂ ಕೈಬಿಟ್ಟ ಹಾಗೆ. ಎರಡು ದಿನ ಒದ್ದಾಡಿ ಅವ್ವನ ಹತ್ತಿರ ನಿಜ ಹೇಳಿದ.

"ಅಪ್ಪ ಬತ್ತನೆ ಅಂತ ನಂಗೆ ನಂಬ್ಕೆ ಇಲ್ಲ ಕಣವ್ವ."

ಸೋಮಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ನಂಬು ಅಂತ ಯಾರ್ಲಾ ಅಂದೋರು? ಅಪ್ಪಂಗೆ ಅನ್ನ ಇಕ್ಕು ಅಂದೆ."

ವರ್ಷಗಟ್ಟಲೆ ಪಾಸ್ಟರ ಪ್ರಸಂಗ ಕೇಳಿದ್ದವನು ಎದ್ದು ಅಪ್ಪನ ಬೀಡಿ ತರಲು ಅಂಗಡಿಗೆ ಹೊರಟ.

ಅಮಾವಾಸ್ಯೆಯ ದಿನ ಮುದ್ದೆ, ಮಾಂಸದ ಸಾರು, ವಡೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಎಲ್ಲ ಬಂದವು. ಬ್ರಾಂದಿ ಮಾತ್ರ ಬೇಡ, ಬದುಕಿದ್ದಾಗ ಕುಡಿದದ್ದೇ ಸಾಕು ಎಂದು ಗದರಿದ ಸೋಮಮ್ಮ, ಕೊನೆಗೆ ತಾನೇ ಸೆರಗಿನಡಿಯಿಂದ ಚಿಕ್ಕ ಬಾಟಲಿ ತೆಗೆದು ಎಲೆಯ ಪಕ್ಕ ಇಟ್ಟಳು. ನಿಂಗರಾಜು ಧೂಪ ಹಾಕಿ ಕೈಮುಗಿದ. ಗಂಟೆಗಟ್ಟಲೆ ಪ್ರಾರ್ಥನೆ ಮಾಡುತ್ತಿದ್ದ ಬಾಯಿಗೆ "ಅಪ್ಪ" ಎನ್ನುವುದೊಂದು ಬಿಟ್ಟು ಬೇರೇನೂ ಬರಲಿಲ್ಲ. ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದರು.

ಕಾಲು ಗಂಟೆ ಕಳೆಯಿತು. ಮಾಂಸದ ವಾಸನೆಗೆ ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು. ಒಳಗಿರುವವರಿಗೆ ಗೊತ್ತಾಗಲೆಂದು ಸೋಮಮ್ಮ ಒಮ್ಮೆ ಕೆಮ್ಮಿ, ಬಾಗಿಲು ತೆಗೆಯಲು ಎದ್ದಳು.

ನಿಂಗರಾಜು ಅವಳ ಕೈ ಹಿಡಿದುಕೊಂಡ.

"ಇನ್ನೊಂಚೂರು ತಡಿಯವ್ವ. ಅಪ್ಪ ಉಣ್ಣೋದು ನಿಧಾನ."