ಬಸ್ಸಿಲ್ಲದ ಶನಿವಾರ

ಆಟಿಸಂ ಇರುವ ಮಕ್ಕಳು ಹೇಗೆ ಯೋಚಿಸುತ್ತಾರೆಂದು ತಿಳಿಯಲು ಸಂಶೋಧನೆಯ ಮೇಡಂ ಒಬ್ಬರು ಶನಿವಾರ ನಮ್ಮ ಮನೆಗೆ ಬಂದರು. ಮಾತು ಕಡಿಮೆಯ ನನ್ನ ಮಗಳು ಗೌರಿಯನ್ನು ಕೇಳಿದರು: "ಶನಿವಾರ ಬಂದರೆ ಅಪ್ಪ ನೇಮಕಲ್ಲಿನ ಹನುಮಪ್ಪನ ಗುಡಿಗೆ ಹೋಗ್ತಾರೆ. ಇವತ್ತು ಶನಿವಾರ. ಹೋಗ್ತಾರಾ?"

"ಹೋಗ್ತಾನ."

"ಬಸ್ ಬರದಿದ್ದರೆ?"

"ಹೋಗ್ತಾನ."

"ಬಸ್ ಇಲ್ಲ ಅಂದ ಕೂಡಲೆ ಬಹಳ ಜನ ಹೋಗ್ತಾರೋ ಇಲ್ಲವೋ ಅಂತ ಅನುಮಾನ ಮಾಡ್ತಾರೆ, ಯಜಮಾನ್ರೆ. ಇವಳು ಮಾಡಲಿಲ್ಲ," ಎಂದರು ಮೇಡಂ.

"ಅದು ತಪ್ಪೇನ್ರಿ?"

"ತಪ್ಪು-ಸರಿ ಅಂತಿಲ್ಲ. ಯೋಚಿಸೋ ದಾರಿ ಬೇರೆ, ಅಷ್ಟೆ."

ನನಗೆ ಅಷ್ಟು ಸಾಲಲಿಲ್ಲ. ಊರವರು ದಡ್ಡಿ ಅನ್ನುವ ಮಗಳ ಮಾತು ಸರಿಯೆಂದೇ ಆಗಬೇಕಿತ್ತು. ಅಂದು ಬಸ್ ಬಂದಿರಲಿಲ್ಲ. ಮೊಣಕಾಲು ನೋವು, ನಡೆಯಲಾಗದೆಂದು ಆ ವಾರ ಗುಡಿಗೆ ಹೋಗುವುದನ್ನು ಬಿಟ್ಟಿದ್ದೆ. ಎದ್ದು ಚಪ್ಪಲಿ ಮೆಟ್ಟಿ ನಡೆದೇ ಹೊರಟೆ.

"ಈ ಬಿಸಿಲಾಗ ನಡಕೊಂತ ಬಂದೀರಲ್ರಿ, ಎಂಥ ಭಕ್ತಿ!" ಎಂದರು ಪೂಜಾರಿ. ನಾನು ತೀರ್ಥ ತೆಗೆದುಕೊಂಡೆ. ನಿಜ ಏನೆಂದು ಹನುಮಪ್ಪನಿಗೆ ಗೊತ್ತು, ಪೂಜಾರಿಗೆ ಬೇಕಿಲ್ಲ.